ಗೆಜ್ಜೆ ಬಿಚ್ಚಿದ ಕುಂಚಿಗಿ

ನಮ್ಮ ಕಡೆ ಗಂಡು ಹುಟ್ಟಿದರೆ ಪೇಡೆ ಹಂಚುತ್ತಾರೆ, ಹೆಣ್ಣು ಹುಟ್ಟಿದರೆ ಜಿಲೇಬಿ. ನನ್ನ ಮೊಮ್ಮಗಳು ಹುಟ್ಟಿದ ದಿವಸ ನಾನು ಸಿಂದಗಿಯ ಪೇಟೆಯಲ್ಲಿ ಎರಡನ್ನೂ ಕಟ್ಟಿಸಿದೆ.

"ಅವಳಿ-ಜವಳಿ ಏನಬೇ?" ಎಂದು ಅಂಗಡಿಯವನು ಕೇಳಿದ.

"ಒಂದ ಕೂಸಪ್ಪಾ. ಖುಷಿ ಮಾತ್ರ ಎರಡು ಕೂಸಿಂದು ಆಗೇತಿ," ಎಂದೆ.

ದವಾಖಾನೆಯಲ್ಲಿ ನನ್ನ ದನಿ ಕೇಳಿ ನರ್ಸಬಾಯಿ ಹೊರಗೆ ಬಂದು ಗದರಿಸಿದಳು. "ಅಜ್ಜೀ, ಇಲ್ಲಿ ಬ್ಯಾರೆಯವರ ಕೂಸೂ ಮಲಗ್ಯಾವ." ನಾನು ಅವಳ ಕೈಗೂ ಒಂದು ಜಿಲೇಬಿ ಇಟ್ಟೆ. ಸುಮ್ಮನಿರುವುದು ನನ್ನ ಹುಟ್ಟುಗುಣವಲ್ಲ. ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು. ಓದು ಬರಹಕ್ಕಿಂತ ಬಾಯಿಯೇ ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ. ಈಗ ಇದನ್ನು ಬರೆಯಲು ಕೂತದ್ದೂ, ಬಾಯಿಂದ ಹೇಳಿ ಹೇಳಿ ಮನೆಮಂದಿಗೆ ಸಾಕಾಗಿ ಹೋಗಿರುವುದರಿಂದ.

ನನ್ನ ಸೊಸೆಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಆಗ ನಾನು ಗುಡ್ಡದವ್ವನಿಗೆ ಬೇಡಿಕೊಂಡಿದ್ದೆ. ಗುಡ್ಡದವ್ವ ನಮ್ಮ ಮನೆದೇವರು. ಮುದ್ದೇಬಿಹಾಳದ ಆಚೆ, ಕೃಷ್ಣೆಯ ಹಿನ್ನೀರು ಬಂದು ನಿಲ್ಲುವ ಕಡೆ, ಒಂದು ಕಲ್ಲುಗುಡ್ಡದ ಮೇಲೆ ಅವಳ ಗುಡಿ. ನನ್ನ ಮಾವನವರ ಮೂಲ ಊರು ಅದೇ ಗುಡ್ಡದ ಬುಡದಲ್ಲಿದೆ. ನಾವು ಇಂಡಿಗೆ ಬಂದು ಲಿಂಬಿ ತೋಟ ಮಾಡಿಕೊಂಡು ಎಷ್ಟೋ ಕಾಲವಾದರೂ ದೇವರು ಅಲ್ಲಿಯೇ ಉಳಿದಳು. "ಹೆಣ್ಣಾಗಲಿ ಗಂಡಾಗಲಿ, ಕೂಸಿನ ಜಾವಳ ನಿನ್ನ ಗುಡಿ ಮುಂದೆ ತೆಗೆಸುತ್ತೇನೆ, ಹಲಗಿ ಬಾರಿಸಿಕೊಂಡು ಹತ್ತಿ ಬರುತ್ತೇನೆ" ಎಂದು ಹರಕೆ ಹೊತ್ತಿದ್ದೆ. ಜಾವಳ ಎಂದರೆ ಹುಟ್ಟುಗೂದಲು ತೆಗೆಯುವ ಕಾರ್ಯ. ವರ್ಷ ತುಂಬುವುದರೊಳಗೆ, ಬೆಸ ತಿಂಗಳಲ್ಲಿ ಆಗಬೇಕು. ನಮ್ಮ ಕೂಸಿಗೆ ಹನ್ನೊಂದನೇ ತಿಂಗಳು ಬೀಳುವುದು ಭಾರತ ಹುಣ್ಣಿಮೆಯ ಸುಮಾರಿಗೆ, ಇನ್ನೂ ಚಳಿಗಾಲದಲ್ಲಿ.

ತೊಟ್ಟಿಲು ಕಾರ್ಯದ ದಿವಸ ನಾನು ಈ ಹರಕೆಯ ಮಾತನ್ನು ಎಲ್ಲರೆದುರು ಹೇಳಿದೆ. ಗುಡ್ಡದ ಬುಡದ ಊರಿಗೇ ಕೊಟ್ಟಿದ್ದ ನನ್ನ ಹಿರಿ ನಾದಿನಿ ಗೋಡೆಗೆ ಆತು ಕೂತು ಎಲೆ ಮಡಚುತ್ತಿದ್ದರು. ತಲೆ ಎತ್ತದೆಯೇ ಅಂದರು: "ಹೆಣ್ಣ ಕೂಸಿನ ಜಾವಳಕ್ಕ ಹಲಗಿ ಯಾಕ ಬೇಕ ತಂಗೀ? ಮನ್ಯಾಗ ಸುಮ್ಮನ ಕೂದಲಾ ತೆಗಸಿ ಹೊಳ್ಯಾಗ ಬಿಟ್ಟರಾತು."

ಅವರು ಕೆಟ್ಟವರಲ್ಲ. ಅವರ ಕಾಲದಲ್ಲಿ ಹಾಗೆಯೇ ನಡೆದದ್ದು. ಆದರೆ ನನ್ನ ಸೊಸೆ ಆ ಮಾತು ಕೇಳಿಸಿಕೊಂಡಳು. ಕೂಸಿನ ಗದ್ದದ ಕೆಳಗೆ ಟೊಪ್ಪಿಗೆಯ ಕಸಿ ಕಟ್ಟುತ್ತಿದ್ದವಳು, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ಅವಳು ಏನೂ ಅನ್ನದೆ ಇದ್ದದ್ದು ನನ್ನ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು.

"ಇಡೀ ಮ್ಯಾಳಾನ ಬರತೈತ್ರಿ ಅಕ್ಕಾರ," ಎಂದೆ ನಾನು. "ಹಲಗಿ ದನಿ ಗುಡ್ಡ ಇಳದು ನಿಮ್ಮ ಮನಿ ಬಾಗಲಾ ಬಡೀತೈತಿ. ಹೊರಗ ಬಂದು ನೋಡ್ರಂತ."

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಎಳ್ಳ ಅಮಾಸಿಯಲ್ಲಿ ಹೊಲಕ್ಕೆ ಚರಗದ ಎಡೆ ಚೆಲ್ಲಿ ಬಂದ ಮೇಲೆ ಗುಡ್ಡದ ಚಿಂತೆ ಹತ್ತಿತು. ನಮ್ಮ ಮಂದಿ ಆ ಗುಡ್ಡ ಹತ್ತುವುದು ಯುಗಾದಿಗೆ. ಆಗ ಸುತ್ತಲಿನ ಊರುಗಳವರೆಲ್ಲ ಹತ್ತಿ ದಾರಿ ಸವೆದಿರುತ್ತದೆ. ಚಳಿಗಾಲದಲ್ಲಿ ಹತ್ತಿದವರನ್ನು ನಾನು ಕೇಳಿಯೇ ಇಲ್ಲ. ಮಳೆಗಾಲದ ಹುಲ್ಲು ಬೆಳೆದು ಮುಚ್ಚಿರಬಹುದು, ಕಲ್ಲು ಉರುಳಿರಬಹುದು. ಕೂಸನ್ನು ಎತ್ತಿಕೊಂಡು, ಮುದುಕರು ತದುಕರನ್ನು ಕರೆದುಕೊಂಡು ಎರಡು ಟ್ರ್ಯಾಕ್ಸಿನ ತುಂಬ ಮಂದಿ ಹೋಗುವವರು. ಮೊದಲು ಯಾರಾದರೂ ನೋಡಿ ಬರಬೇಕಲ್ಲ? ನಮ್ಮ ಯಜಮಾನರಿಗೆ ಮೊಳಕಾಲು ನೋವು. ಮಗನಿಗೆ ತೋಟದಲ್ಲಿ ಲಿಂಬಿ ಕೀಳುವ ಆಳು ಬಂದಿದ್ದರು. "ಅದೇನ್ ಎಲ್ಲಿ ಓಡಿ ಹೋಗತೈತೇನಬೇ, ಗುಡ್ಡ ಅದು," ಅಂದ.

ನಾನು ಬೀಗಿತ್ತಿಗೆ ಫೋನು ಹಚ್ಚಿದೆ. ಬೀಗಿತ್ತಿ ಎಂದರೆ ಸೊಸೆಯ ತಾಯಿ, ಸಿಂದಗಿಯವರು. ಬಾಯಿಯಲ್ಲಿ ನನಗಿಂತ ಒಂದು ಗೇಣು ಮುಂದೆ.

"ಬೀಗರ, ಗುಡ್ಡ ಹತ್ತತೀರೇನು?"

"ನೀವು ಹತ್ತೂದಾದರ ನಾ ಯಾಕ ಹತ್ತಬಾರದು? ನೀವೇನ್ ನನಗಿಂತಾ ಸಣ್ಣವರೇನು? ಹಲ್ಲ ಲೆಕ್ಕಾ ಹಾಕೂಣೇನು?"

ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ನಮ್ಮಂಥ ಮುದುಕಿಯರಿಗೂ ಕಾಲು ಬಂದಿವೆ. ಆಧಾರ ಕಾರ್ಡು ಕುಬಸದೊಳಗೆ ಇಟ್ಟುಕೊಂಡು ಇಂಡಿಯಲ್ಲಿ ನಾನು ಹತ್ತಿದೆ, ಸಿಂದಗಿಯಲ್ಲಿ ಅವರು ಹತ್ತಿದರು. ಅವರ ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ಬಟ್ಟೆಯಲ್ಲಿ ಸುತ್ತಿದ ಏನೋ ಒಂದು.

"ಏನದು?" ಎಂದೆ.

"ನಿಮಗ ಯಾಕ? ಅದು ನನ್ನ ಮೊಮ್ಮಗಳಿಂದು."

"ನಿಮ್ಮ ಮೊಮ್ಮಗಳು ನಮ್ಮ ಮನ್ಯಾಗ ಇರತಾಳ್ರಿ."

"ಹುಟ್ಟಿದ್ದು ನಮ್ಮ ಊರಾಗ." ಆಮೇಲೆ ತಡೆಯಲಾರದೆ ತಾವೇ ಬಿಚ್ಚಿ ತೋರಿಸಿದರು. ಕುಂಚಿಗಿ, ಕೂಸಿನ ತಲೆಯಿಂದ ಬೆನ್ನ ಕೆಳಗಿನವರೆಗೆ ಇಳಿಯುವ ಟೊಪ್ಪಿಗೆ. ಖಣದ ಅರಿವೆ, ಹಸಿರಿನ ಮೇಲೆ ಕೆಂಪು ಅಂಚು. ಜಾವಳಕ್ಕೆ ಕುಂಚಿಗಿ ತರುವುದು ತಾಯಿಯ ತವರಿನವರ ಪಾಲು. ಅಂಚಿನುದ್ದಕ್ಕೂ ಸಾಸಿವೆ ಡಬ್ಬಿಯಂತೆ ಸದ್ದು ಮಾಡುವ ಸಣ್ಣ ಬೆಳ್ಳಿ ಗೆಜ್ಜೆಗಳು. ತಮ್ಮ ಹಳೆಯ ಕಾಲ್ಚೈನು ಮುರಿಸಿ ಮಾಡಿಸಿದ್ದಂತೆ. ಬಸ್ಸು ಕುಣಿಗೆ ಬಿದ್ದಾಗಲೆಲ್ಲ ಅವು ಗಲ್ಲೆಂದವು. ಬೀಗಿತ್ತಿಯ ಮುಖ ನೋಡಬೇಕಿತ್ತು ಆಗ.

ಮುದ್ದೇಬಿಹಾಳದಲ್ಲಿ ಇಳಿದು ಟಂಟಂ ಹಿಡಿದು ನಾದಿನಿಯವರ ಊರು ಸೇರಿದಾಗ ಮಧ್ಯಾಹ್ನ. ಅವರ ಮನೆಯಲ್ಲಿ ಚೀಲ ಇಟ್ಟು ನೀರು ಕುಡಿದವರೇ ಹೊರಟೆವು. ಊರ ಅಂಚಿನಲ್ಲಿ ಪಾದಗಟ್ಟಿ ಇದೆ, ದೇವಿಯ ಪಾದ ಕೊರೆದ ಕಲ್ಲು. ಗುಡ್ಡ ಹತ್ತುವವರು ಅಲ್ಲಿ ಕಾಯಿ ಒಡೆದೇ ಹತ್ತಬೇಕು. ಅಲ್ಲಿಂದ ಸ್ವಲ್ಪ ದೂರ ಜೋಳದ ಹೊಲದ ಬದು, ಆಮೇಲೆ ಕುಸುಬಿ. ಕುಸುಬಿ ಹೂ ಬಿಟ್ಟು ಹೊಲವೆಲ್ಲ ಅರಿಸಿನ ಚೆಲ್ಲಿದಂತಿತ್ತು. ಅದರ ಮುಳ್ಳು ಸೀರೆಯನ್ನು ಹಿಡಿದು ಹಿಡಿದು ಜಗ್ಗಿತು. ಗರಸಿನ, ಜಲ್ಲಿಮಣ್ಣಿನ ಏರಿನಲ್ಲಿ ಹುಲ್ಲು ಮೊಳಕಾಲುದ್ದ. ಸೂಜಿಯಂಥ ಅದರ ಬೀಜ ಚುಚ್ಚಿಕೊಂಡು ನಮ್ಮ ನಿರಿಗೆಗಳು ಮುಳ್ಳುಹಂದಿಯಾದವು. ಎಲ್ಲಿ ಹುಲ್ಲು ಕೊಯ್ಯಿಸಬೇಕು, ಎಲ್ಲಿ ಸಡಿಲ ಕಲ್ಲಿದೆ, ಎಲ್ಲಿ ಮುದುಕರು ಕೂತು ದಣಿವಾರಿಸಿಕೊಳ್ಳಬಹುದು ಎಂದು ನೋಡುತ್ತ ನಡೆದೆವು. ಬಾಯಿ ಸುಮ್ಮನಿರಲಿಲ್ಲ ಎಂದು ಹೇಳಬೇಕಿಲ್ಲ.

ಅರ್ಧ ಗುಡ್ಡದ ಮೇಲೆ ದಾರಿ ಒಂದು ದೊಡ್ಡ ಬಂಡೆಯ ಬುಡದಲ್ಲಿ ಹಾದುಹೋಗುತ್ತದೆ. ಬಂಡೆ ಮೂಡಲಿಗೆ ಮುಖ ಮಾಡಿ, ಮನೆಯ ಸೂರಿನಂತೆ ಮುಂದೆ ಚಾಚಿದೆ. ಇನ್ನೊಂದು ತಿರುವು ದಾಟಿದರೆ ಅದರ ಕೆಳಗೆ ಬರುತ್ತಿದ್ದೆವು. ಬೀಗಿತ್ತಿ ಥಟ್ಟನೆ ನಿಂತರು.

"ಬೀಗರ, ಇಲ್ಲೆ ಯಾರರೆ ಹಿಟ್ಟಿನ ಗಿರಣಿ ಹಾಕ್ಯಾರೇನು?"

ನನಗೂ ಕೇಳಿಸಿತು. ದೂರದಲ್ಲಿ ಗಿರಣಿ ಓಡಿದಂತೆ ಗುಂಯ್ ಎನ್ನುವ ದನಿ. ಕಣ್ಣಿಗೆ ಕೈ ಅಡ್ಡ ಇಟ್ಟು ಮೇಲೆ ನೋಡಿದೆ. ಬಂಡೆಯ ಸೂರಿನ ತುಂಬ ಕರಿಯ ಮೊರಗಳನ್ನು ಸಾಲಾಗಿ ತೂಗುಹಾಕಿದ್ದರು. ಮೊರಗಳು ಉಸಿರಾಡುತ್ತಿದ್ದವು.

ಹೆಜ್ಜೇನು.

ಇಬ್ಬರೂ ಇದ್ದಲ್ಲೇ ಕುಕ್ಕರಿಸಿದೆವು. ಆ ಬಂಡೆಗೆ ಜೇನುಗಲ್ಲು ಎಂದು ಹೆಸರಿರುವುದು ನನಗೆ ಮದುವೆಯಾದ ವರ್ಷದಿಂದ ಗೊತ್ತು. ಆದರೆ ಯುಗಾದಿಯ ಬಿಸಿಲಿಗೆ ಹತ್ತಿದವಳು, ಅಲ್ಲಿ ಒಂದು ನೊಣವನ್ನೂ ಕಂಡಿರಲಿಲ್ಲ. ಹಳೆಯ ಮಂದಿ ಏನೋ ಇಟ್ಟ ಹೆಸರು ಎಂದುಕೊಂಡಿದ್ದೆ. ಕುಸುಬಿ ಹೂಬಿಟ್ಟಾಗ ಬಂದು, ಹೊಲ ಬರಿದಾದಾಗ ಹೋಗುವ ಮಂದಿ ಇವು ಎಂದು ಅವತ್ತು ತಿಳಿಯಿತು. ಹೆಸರು ಯುಗಾದಿಯವರದಲ್ಲ, ಚಳಿಗಾಲದವರದು.

ಬೀಗಿತ್ತಿ ನನ್ನ ಕಿವಿಗೆ ಬಾಯಿ ಹಚ್ಚಿ, ಅವರ ಜೀವಮಾನದಲ್ಲೇ ಸಣ್ಣ ದನಿಯಲ್ಲಿ ಹೇಳಿದರು: "ಇದರ ಬುಡಕ ಹಲಗಿ ಬಾರಿಸಿದರ..."

ಮುಂದಿನದನ್ನು ಹೇಳಬೇಕಿರಲಿಲ್ಲ. ಹಲಗಿಯ ಬಡಿತ, ಲೋಬಾನದ ಹೊಗೆ, ಮಲ್ಲಿಗೆ, ಅತ್ತರು, ಕೂಗಾಟ. ನಡುವೆ ಹನ್ನೊಂದು ತಿಂಗಳ ಕೂಸು. ನಾನು ನೋಡಿ ಬರಲು ಬಾರದೆ ಇದ್ದಿದ್ದರೆ, ನನ್ನ ಖುಷಿಯೇ ಮುಂದೆ ನಿಂತು ಎಲ್ಲರನ್ನೂ ಅದರ ಬುಡಕ್ಕೆ ಕರೆದೊಯ್ಯುತ್ತಿತ್ತು.

ಹಿಂದಕ್ಕೆ ಇಳಿದೆವು. ಅವತ್ತು ಸಂಜೆ ನಾದಿನಿಯವರ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂಡಿದರು. ಒಬ್ಬಾತ, "ಹೊಗಿ ಹಾಕಿ ಸುಟ್ಟ ಬಿಡ್ತೇನ್ರೀ ಯಕ್ಕಾ, ತುಪ್ಪಾನೂ ಸಿಗತೈತಿ," ಅಂದ.

"ಬ್ಯಾಡ," ಎಂದರು ಬೀಗಿತ್ತಿ, ನನಗಿಂತ ಮೊದಲು. "ಅವೂ ಮರಿ ಮಾಡಿಕೊಂಡು ಕುಂತಾವಪ್ಪಾ. ಒಂದು ಮನಿ ಸುಟ್ಟು ಇನ್ನೊಂದು ಮನಿ ಕೂಸಿಗಿ ಜಾವಳ ಮಾಡೂದೇನು?"

ಬೇರೆ ದಾರಿಯೂ ಇರಲಿಲ್ಲ. ಪಡುವಣ ಮಗ್ಗುಲಿನ ದನದ ದಾರಿ ಹಿನ್ನೀರಿನಲ್ಲಿ ಮುಳುಗಿತ್ತು. ಬೇಸಿಗೆಯಲ್ಲಿ ನೀರು ಇಳಿದರೇ ಅದು ಮೇಲೆ ಬರುವುದು. ನಾದಿನಿ ಒಳಗಿನಿಂದ ಚಹಾ ತಂದಿಟ್ಟು, "ನಾ ಆವತ್ತ ಹೇಳಿದ್ದೆ," ಎಂದಷ್ಟೇ ಅಂದರು. "ಮನ್ಯಾಗ ಸುಮ್ಮನ ಮಾಡ್ರಿ."

ಆ 'ಸುಮ್ಮನ' ಎಂಬುದು ನನ್ನನ್ನು ಚಹಾ ಕುಡಿಯಗೊಡಲಿಲ್ಲ. ಕೂಸಿನ ಜೀವಕ್ಕಿಂತ ಹಲಗಿ ದೊಡ್ಡದಲ್ಲ, ಅದು ನನಗೂ ಗೊತ್ತು. ಆದರೆ ಹಲಗಿ ಇಲ್ಲದೆ ಹೋದರೆ ಹೆಣ್ಣೆಂದು ಸುಮ್ಮನೆ ಮಾಡಿ ಮುಗಿಸಿದರು ಎಂಬ ಮಾತು ಉಳಿಯುತ್ತದೆ. ಮಾತಿಗೆ ಹುಳದಷ್ಟು ಬೇಗ ಹೊಲ ಬಿಟ್ಟು ಹೋಗುವ ರೂಢಿ ಇಲ್ಲ. ಸೊಸೆ ಮತ್ತೆ ಆ ಕಸಿಯನ್ನು ಬಿಚ್ಚಿ ಕಟ್ಟುತ್ತಾಳೆ, ಏನೂ ಅನ್ನುವುದಿಲ್ಲ.

"ಬೀಗರ," ಎಂದೆ, "ನಾವು ಗುಡ್ಡ ನೋಡಿದ್ದು ಮಧ್ಯಾಹ್ನ. ಮಂದಿ ಹತ್ತೂದು ಮುಂಜಾನಿ. ಮುಂಜಾನಿ ದಾರಿ ನೋಡದ ಹೆಂಗ ಹೋಗೂಣು?"

ಮರುದಿನ ಬೆಳಕು ಹರಿಯುವ ಮೊದಲು ಹೊರಟೆವು. ಮಂಜು ಜೋಳದ ತೆನೆಯ ಮೇಲೆಯೇ ಕೂತಿತ್ತು. ಹುಲ್ಲೆಲ್ಲ ತೊಯ್ದು ನಮ್ಮ ಸೀರೆಯೂ ಮೊಳಕಾಲವರೆಗೆ ತೊಯ್ದು ಕಾಲಿಗೆ ಅಂಟಿತು. ನಿನ್ನೆ ಒಣಗಿದ್ದ ಮೆಟ್ಟಿಲುಗಲ್ಲುಗಳು ಎಣ್ಣೆ ಸವರಿದಂತೆ ಜಾರುತ್ತಿದ್ದವು. ಅಲ್ಲಿ ಗರಸು ಹಾಕಿಸಬೇಕು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಬೇಕು ಎಂದು ಮನಸ್ಸಿನಲ್ಲಿ ಇಟ್ಟುಕೊಂಡೆ. ತಿರುವಿನಲ್ಲಿ ನಿಂತು ಬಳೆಗಳ ಮೇಲೆ ಸೆರಗು ಸುತ್ತಿಕೊಂಡೆವು. ಬೀಗಿತ್ತಿಯ ಕಾಲುಂಗುರ ಕಲ್ಲಿಗೆ ತಾಗಿ ಟಿಣ್ ಎಂದಿತು. ನಾನು ಕಣ್ಣು ಬಿಟ್ಟೆ. ಅವರು ಬೆರಳು ಮೇಲೆತ್ತಿ ಹಿಮ್ಮಡಿಯ ಮೇಲೆ ಬಾತುಕೋಳಿಯಂತೆ ನಡೆಯತೊಡಗಿದರು. ನಗು ತಡೆಯಲು ನಾನು ತುಟಿ ಕಚ್ಚಿ ರಕ್ತ ಬರಿಸಿಕೊಂಡೆ.

ಗಿರಣಿ ನಿಂತಿತ್ತು. ಚಳಿಗೆ ಹುಳಗಳು ಒಂದರ ಮೇಲೊಂದು ಬಿಗಿಯಾಗಿ ಕೂತು, ಮೊರಗಳು ಕಲ್ಲಿನ ತುಂಡುಗಳೇ ಆಗಿದ್ದವು. ನಾವು ಬುಡದಲ್ಲಿ ಹಾದುಹೋದೆವು. ಆಚೆ ದಾಟಿ ಕೂತು ನೋಡಿದೆವು: ಸೂರ್ಯ ಮೂಡಿ, ಬಿಸಿಲು ಗುಡ್ಡದ ನೆತ್ತಿಗೆ ಬಿದ್ದು, ಕೆಳಗಿಳಿದು ಬಂಡೆಯ ಮುಖಕ್ಕೆ ಬರುವವರೆಗೂ ಅವು ಮಿಸುಕಲಿಲ್ಲ. ಮಂದಿಯೆಲ್ಲ ದಾಟಲು ಅಷ್ಟು ಹೊತ್ತು ಬೇಕಾದಷ್ಟಾಯಿತು.

ಇನ್ನು ಹಲಗಿಯ ಮಾತು. ಗುಡಿ ಇರುವುದು ನೆತ್ತಿ ದಾಟಿ ಪಡುವಣ ಮಗ್ಗುಲಿಗೆ, ಹಿನ್ನೀರಿನ ಕಡೆಗೆ. ಅಲ್ಲಿ ಬಾರಿಸಿದರೆ ಜೇನುಗಲ್ಲಿಗೆ ಕೇಳುತ್ತದೆಯೋ ಇಲ್ಲವೋ? ಬೀಗಿತ್ತಿ ಬಂಡೆಯಿಂದ ದೂರ, ಮೇಲಿನ ತಿರುವಿನಲ್ಲಿ, ಮೈತುಂಬ ಕಂಬಳಿ ಹೊದ್ದು ಹುಳ ನೋಡುತ್ತ ಕೂರುವುದು. ನಾನು ಗುಡಿಯ ಮುಂದೆ ನಿಂತು ಬಾರಿಸುವುದು ಎಂದಾಯಿತು. ಗುಡಿಯಲ್ಲಿ ಒಂದು ಕಂಚಿನ ತಾಟು, ಒಂದು ಕಟ್ಟಿಗೆ ಸಿಕ್ಕಿತು. ಮೂಡಗಾಳಿ ಸೆರಗನ್ನು ಹಿನ್ನೀರಿನ ಕಡೆಗೆ ಹಾರಿಸುತ್ತಿತ್ತು; ಹಾಗಾದರೆ ಒಲೆಯ ಹೊಗೆಯೂ ಅತ್ತಲೇ ಹೋಗುತ್ತದೆ. ನಾನು ದೇವಿಗೆ ಕೈಮುಗಿದು ತಾಟು ಬಡಿದೆ ನೋಡಿ, ಕೂಗಿದೆ, ಕುಣಿದೆ, ವರ್ಷದಿಂದ ಕೂಡಿಟ್ಟದ್ದನ್ನೆಲ್ಲ ಹೊರಗೆ ಹಾಕಿದೆ. ಹಿನ್ನೀರಿನ ದಂಡೆಯ ಬೆಳ್ಳಕ್ಕಿಗಳೆಲ್ಲ ಎದ್ದು ಹೋದವು. ಆಗ ಫೋನು ಬಂತು.

"ಬೀಗರ," ಬೀಗಿತ್ತಿಯ ಪಿಸುದನಿ, "ಯಾವಾಗ ಬಾರಸತೀರಿ? ಕುಂತು ಕುಂತು ಕಾಲ ಜೋಮ ಹಿಡದಾವು."

"ಬಾರಿಸಿ ಮುಗೀತಲ್ರೀ! ತಾಟ ನೆಗ್ಗೇತಿ ಇಲ್ಲೆ!"

 ಆ ಕಡೆಯಿಂದ ಮೂಗು ಎಳೆಯುವ ಸದ್ದು. ಅಳುತ್ತಿದ್ದರೋ ನಗುತ್ತಿದ್ದರೋ, ನಾನು ಇವತ್ತಿಗೂ ಕೇಳಿಲ್ಲ. "ಹುಳಕ್ಕ ಏನೂ ಗೊತ್ತಾಗಿಲ್ರಿ," ಎಂದರು.

ಬಿಸಿಲು ಏರಿತ್ತು, ಆ ದಾರಿಯಲ್ಲಿ ಇಳಿಯುವಂತಿರಲಿಲ್ಲ. ಗುಡಿಯ ನೆರಳಿನಲ್ಲಿ ರೊಟ್ಟಿ ತಿಂದು, ನಿದ್ದೆ ಮಾಡಿ, ಹೊತ್ತು ಮುಳುಗಿ ಹುಳ ಕೂತ ಮೇಲೆ ಇಳಿದೆವು. ಅಂದರೆ ಮಂದಿಗೂ ಅದೇ ಕ್ರಮ: ಬಿಸಿಲಿಗಿಂತ ಮೊದಲು ಹತ್ತುವುದು, ಬಿಸಿಲು ಹೋದ ಮೇಲೆ ಇಳಿಯುವುದು.

ಮರಳಿ ಬರುವಾಗ ಸಿಂದಗಿಯ ಬಸ್ಸು ತಪ್ಪಿ ಬಸವನ ಬಾಗೇವಾಡಿಯ ಮೇಲೆ ಬಂದೆವು. ಬಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದಾಗ ಬೀಗಿತ್ತಿ ಚೀಲದಿಂದ ಕುಂಚಿಗಿ ತೆಗೆದರು. ಅಂಚನ್ನು ಒಮ್ಮೆ ಅಲ್ಲಾಡಿಸಿದರು, ಗಲ್ ಎಂದಿತು. ಆಮೇಲೆ ಹಲ್ಲಿನಿಂದ ದಾರ ಕಡಿದು ಒಂದೊಂದೇ ಗೆಜ್ಜೆ ಬಿಚ್ಚತೊಡಗಿದರು. ನಾನೂ ಇನ್ನೊಂದು ಕೊನೆಯಿಂದ ಬಿಚ್ಚಿದೆ. ಬಿಚ್ಚಿದ ಗೆಜ್ಜೆಗಳನ್ನು ಅವರು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕುಂಚಿಗಿಯ ಅಂಚಿನಲ್ಲಿ ಸಣ್ಣ ಸಣ್ಣ ಸೂಜಿಯ ತೂತು ಉಳಿದವು.

ಹಲಗಿ ಮೇಳದ ಹಿರಿಯರಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವರು ಬೀಡಿ ಆರಿಸಿ ಪೂರ್ತಿ ಕೇಳಿದರು. "ಯಕ್ಕಾ, ಮಣ್ಣಿಗಿ ಹೋದಾಗೂ ನಾವು ಸುಮ್ಮನ ಹೋದವರಲ್ಲ. ಹುಟ್ಟಿದ ಕೂಸಿನ ಕಾರ್ಯಕ್ಕ ಹಲಗಿ ಮುಚಿಗೊಂಡು ಬಾ ಅಂತಿಯಲ್ಲ?"

"ಪಾದಗಟ್ಟಿ ತನಕಾ ಬಾರಿಸಿ ನಿಲ್ಲಸಬಹುದೇನ್ರಿ?"

"ಹಚ್ಚಿದ ಹಲಗಿ ನಡುದಾರ್ಯಾಗ ನಿಲ್ಲಸಬಾರದು. ಹಚ್ಚಿದರ ಗುಡಿ ಮುಟ್ಟೂ ತನಕಾ ಬಾರಸಬೇಕು. ಇಲ್ಲಂದರ ಹಚ್ಚಬಾರದು." ಆಮೇಲೆ ತಾವೇ ನಕ್ಕರು. "ಹುಳದ ಮುಂದ ಯಾರ ಆಟ ನಡೀತೈತಿ ಬಿಡು. ಕಂಬಳ್ಯಾಗ ಸುತಗೊಂಡು ಬರ್ತೇವಿ. ಮ್ಯಾಲೆ ಹೋಗಿ ಬಾರಸ್ತೇವಿ."

"ಕೂಸು ಅತ್ತರ ಏನ್ ಮಾಡೂದ್ರೀ ಅತ್ತಿ?" ಎಂದು ಸೊಸೆ ಕೇಳಿದಳು.

ಆ ದಿವಸ ಬೆಳಗಿನ ಜಾವ ಪಾದಗಟ್ಟಿಯಲ್ಲಿ ಕಾಯಿ ಒಡೆದು ಹೊರಟೆವು. ನಾದಿನಿಗೆ ಹತ್ತಲಾಗುವುದಿಲ್ಲ, ಅಲ್ಲಿಯೇ ಕಟ್ಟೆಯ ಮೇಲೆ ಕೂತರು. ಹೆಂಗಸರೆಲ್ಲ ಬಳೆಯ ಮೇಲೆ ಕರವಸ್ತ್ರ ಕಟ್ಟಿದ್ದರು. ಹೂವು ಮುಚ್ಚಿದ ಡಬ್ಬಿಯಲ್ಲಿ. ಫೋನುಗಳೆಲ್ಲ ಬಂದ್. ಹಲಗಿಗಳು ಕಂಬಳಿಯೊಳಗೆ, ನಿದ್ದೆ ಹೋದ ಮಕ್ಕಳಂತೆ ಹೆಗಲ ಮೇಲೆ. ಮುಂದೆ ಕೂಸಿನ ಸೋದರಮಾವ, ಅಂದರೆ ಬೀಗಿತ್ತಿಯ ಮಗ, ಹಸಿರು ಕುಂಚಿಗಿಯ ಕೂಸನ್ನು ಎದೆಗೆ ಹಚ್ಚಿಕೊಂಡು. ಅವನ ಹಿಂದೆ ಸೊಸೆ, ಅವಳ ಹಿಂದೆ ನಾನು.

ನನ್ನ ಆಯುಷ್ಯದಲ್ಲಿ ಅಷ್ಟು ಮಂದಿಯ ನಡುವೆ ನಾನು ಅಷ್ಟು ಹೊತ್ತು ಸುಮ್ಮನೆ ನಡೆದದ್ದೇ ಇಲ್ಲ. ಮೊದಲು ಉಸಿರು ಕಟ್ಟಿದಂತಾಯಿತು. ಆಮೇಲೆ ಒಂದೊಂದೇ ಕೇಳಿಸತೊಡಗಿತು: ತೊಯ್ದ ಹುಲ್ಲು ಸೀರೆಗೆ ಉಜ್ಜುವುದು, ಬರಿಗಾಲು ಗರಸಿನಲ್ಲಿ ಊರುವುದು, ಮಗ ಉಗುಳು ನುಂಗುವುದು. ಕೂಸಿನ ಮೂಗು ಚಳಿಗೆ ಸ್ವಲ್ಪ ಕಟ್ಟಿ, ಉಸಿರಾಡಿದಾಗ ಸಣ್ಣಗೆ ಸಿಳ್ಳು ಹಾಕುತ್ತಿತ್ತು. ಹನ್ನೊಂದು ತಿಂಗಳು ನಾನು ಆ ಕೂಸಿಗೆ ನನ್ನ ದನಿ ಕೇಳಿಸಿದ್ದೆ. ಅವಳದನ್ನು ಕಿವಿಗೊಟ್ಟು ಕೇಳಿದ್ದು ಆ ಏರಿನಲ್ಲಿಯೇ ಮೊದಲು.

ಜೇನುಗಲ್ಲಿನ ಬುಡಕ್ಕೆ ಬಂದಾಗ ಅವಳಿಗೆ ಎಚ್ಚರವಾಯಿತು. ಮಾವನ ಹೆಗಲ ಮೇಲಿಂದ ಕುಂಚಿಗಿಯ ತಲೆ ಎದ್ದಿತು. ಮೇಲೆ ನೋಡಿದಳು. ಬಾಯಿ ತೆರೆಯಿತು. ಸೊಸೆಯ ಕೈ ಹಿಂದೆ ಬಂದು ನನ್ನ ಕೈ ಹಿಡಿಯಿತು. ಉಗುರು ನಾಟುವಷ್ಟು ಹಿಡಿಯಿತು.

"ಆsss!" ಎಂದಳು ನಮ್ಮ ಕೂಸು. ಅಳುವಲ್ಲ. ಬೆಳದಿಂಗಳು ನೋಡಿದಾಗ, ಎಮ್ಮೆ ನೋಡಿದಾಗ ತೆಗೆಯುವ ದನಿ.

ಎಲ್ಲರೂ ಕಲ್ಲಾದೆವು. ಒಂದು ಮೊರದ ಮೇಲೆ, ಜೋಳದ ಹೊಲದ ಮೇಲೆ ಗಾಳಿ ಹಾದಂತೆ, ಒಂದು ಅಲೆ ಈ ತುದಿಯಿಂದ ಆ ತುದಿಗೆ ಹೋಯಿತು. ಅಷ್ಟೇ. ಮತ್ತೆ ಕಲ್ಲಾಯಿತು. ಸೋದರಮಾವ ಹೆಜ್ಜೆ ಎತ್ತಿಟ್ಟ. ನಾವೆಲ್ಲ ಎತ್ತಿಟ್ಟೆವು. ಸೊಸೆ ನೆತ್ತಿ ಮುಟ್ಟುವವರೆಗೆ ನನ್ನ ಕೈ ಬಿಡಲಿಲ್ಲ.

ಗುಡಿಯ ಮುಂದೆ ಜೋಳದ ಕಣಿಕೆಯ ಬೆಂಕಿ ಮಾಡಿ, ಚಳಿಗೆ ಸಡಿಲಾಗಿದ್ದ ಹಲಗಿಗಳನ್ನು ಕಾಯಿಸಿ ಬಾರಿಸಿದರು. ಹೊಗೆ ನಾವು ನೋಡಿಕೊಂಡಿದ್ದಂತೆಯೇ ನೀರಿನ ಕಡೆಗೆ ಹೋಯಿತು. ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲು ಕತ್ತರಿಸಿದ. ಕೂಸು ಹಲಗಿಯನ್ನೂ ಮೀರಿಸಿ ಅತ್ತಳು. ಅಳಲಿ ಎಂದು ಬಿಟ್ಟೆವು, ಅಲ್ಲಿ ಅಳುವುದಕ್ಕೆ ಅಡ್ಡಿ ಇರಲಿಲ್ಲ. ನಾನೂ ಕುಣಿದೆ. ಆದರೆ ಖರೇ ಹೇಳುತ್ತೇನೆ, ನಡುನಡುವೆ ನನ್ನ ಕಿವಿ ಆ ಮೂಗಿನ ಸಿಳ್ಳನ್ನೇ ಹುಡುಕುತ್ತಿತ್ತು.

ಹೊತ್ತು ಮುಳುಗಿದ ಮೇಲೆ ಮತ್ತೆ ಬಾಯಿ ಮುಚ್ಚಿ, ಹಲಗಿ ಮುಚ್ಚಿ ಇಳಿದೆವು. ಇಳಿಯುವಾಗ ನಾನು ನಾದಿನಿಗೆ ಹೇಳಬೇಕಾದ ಮಾತು ಜೋಡಿಸಿಕೊಂಡಿದ್ದೆ. ಮೇಲೆ ಬಾರಿಸಿದ್ದು ಕೆಳಗೆ ಕೇಳಿರುವುದಿಲ್ಲ. ಸುಮ್ಮನೆ ಮಾಡಿ ಬಂದಿರೇನು ಎಂದು ಅವರು ಕೇಳಿದರೆ, ಹೀಗೆ ಹೇಳಬೇಕು, ಹಾಗೆ ಹೇಳಬೇಕು.

ಪಾದಗಟ್ಟಿಯ ಕಟ್ಟೆಯ ಮೇಲೆ, ನಾವು ಬಿಟ್ಟುಹೋದ ಜಾಗದಲ್ಲಿಯೇ ಅವರಿದ್ದರು. ಪಕ್ಕದಲ್ಲಿ ನೀರಿನ ಕೊಡ, ಆರತಿಯ ತಾಟು. ಮಂದಿ ಬಂದದ್ದು ಕಂಡು ಎದ್ದು ನಿಲ್ಲಲು ಹೋದರು, ಕಾಲು ಹಿಡಿದುಕೊಂಡಿದ್ದವು.

"ಕೂಸ ಎಲ್ಲೈತಿ? ಆರಾಮ ಐತಿಲ್ಲ?"

"ಆರಾಮ ಐತ್ರಿ ಅಕ್ಕಾರ."

"ಮುಂಜಾನಿಂದ ಕಿವಿ ಇಟ್ಟು ಕುಂತೇನಿ." ಅವರು ನನ್ನ ಸೆರಗು ಹಿಡಿದರು. "ಸುಮ್ಮನ ಹೋಗತೀರಿ ಅನ್ನೂದು ಗೊತ್ತಿತ್ತ ನನಗ. ಇಷ್ಟು ಸುಮ್ಮನ ಇರತೈತಿ ಅನ್ನೂದು ಗೊತ್ತಿರಲಿಲ್ಲ ತಂಗೀ. ಹುಳಾ ಎದ್ದುವೋ, ಏನಾತೋ. ಒಂದು ದನಿ ಇಲ್ಲ ಮ್ಯಾಲಿಂದ."

ನಾನು ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. ಸೊಸೆ ಮುಂದೆ ಬಂದು ಕೂಸನ್ನು ಅವರ ಮಡಿಲಿಗೆ ಇಟ್ಟಳು. ಕೂಸು ನಿದ್ದೆಯಲ್ಲಿತ್ತು. ನಾದಿನಿ ಕುಂಚಿಗಿ ಸರಿಸಿ ಅರಿಸಿನ ಹಚ್ಚಿದ ಬೋಳು ತಲೆಯ ಮೇಲೆ ಕೈ ಇಟ್ಟರು. ಹಾಗೆಯೇ ಇಟ್ಟುಕೊಂಡು ಕೂತರು. ಆಮೇಲೆ ತಲೆ ಎತ್ತಿ ಮೇಳದವರ ಕಡೆ ನೋಡಿದರು.

"ಅಲ್ರಪಾ, ಇನ್ನೂ ಯಾಕ ಕಂಬಳ್ಯಾಗ ಇಟಗೊಂಡು ನಿಂತೀರಿ? ಬಿಚ್ಚರಿ! ಊರಾಗ ನಮ್ಮ ಕೂಸು ಬರಾಕತ್ತೈತಿ. ಮಂದೀಗಿ ಗೊತ್ತಾಗೂದು ಬ್ಯಾಡೇನು?"

ಹಿರಿಯರು ನನ್ನ ಮುಖ ನೋಡಿದರು. ನಾನು ಹೂಂ ಎಂದು ತಲೆ ಆಡಿಸಿದೆ.

ಕಣಿಕೆಗೆ ಬೆಂಕಿ ಬಿತ್ತು. ಹಲಗಿ ಕಾದವು. ಪಾದಗಟ್ಟಿಯಿಂದ ಊರೊಳಗೆ ಬಾಗಿಲು ಬಾಗಿಲಿಗೆ ಮಂದಿ ಹೊರಗೆ ಬಂದರು. ಸೊಸೆ ನಾದಿನಿಯ ಕೈ ಹಿಡಿದು ನಡೆಸಿಕೊಂಡು ಹೋದಳು, ಅವಳ ತಲೆ ನೆಟ್ಟಗಿತ್ತು. ಕೂಸು ಇಷ್ಟೆಲ್ಲದರ ನಡುವೆ ಒಮ್ಮೆಯೂ ಕಣ್ಣು ಬಿಡಲಿಲ್ಲ. ಬೀಗಿತ್ತಿ ನನ್ನ ಮಗ್ಗುಲಿಗೆ ಬಂದು ಸೊಂಟದಿಂದ ಸೆರಗಿನ ಗಂಟು ತೆಗೆದರು. ಅರ್ಧ ಗೆಜ್ಜೆ ನನ್ನ ಅಂಗೈಗೆ ಸುರಿದು, ಉಳಿದದ್ದನ್ನು ತಮ್ಮ ಮುಷ್ಟಿಯಲ್ಲಿ ಹಿಡಿದರು.

"ಏನ್ ನೋಡತೀರಿ ಬೀಗರ?" ಎಂದರು. "ಅಲ್ಲಾಡಸ್ರಿ."